ಕ್ಷಾರದ ತದ್ಭವ ಖಾರ ಎಂದಾದರೆ ಮೆಣಸಿನಕಾಯಿ ಏಕೆ ಕ್ಷಾರವಲ್ಲ?

ವಿಜ್ಞಾನ ಶಿಕ್ಷಕಿ ಕೇಳಿದ್ದು:

ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಹತ್ತನೆಯ ತರಗತಿಯಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ನಡೆಯುತ್ತಿತ್ತು. ನೀರಿನಲ್ಲಿ ಕರಗುವ ಪ್ರತ್ಯಾಮ್ಲವೇ ಕ್ಷಾರ, ಅದರ ರುಚಿ ಕಹಿ, ಮುಟ್ಟಿದರೆ ಸಾಬೂನಿನಂತೆ ಜಾರುತ್ತದೆ, ಕೆಂಪು ಲಿಟ್ಮಸ್ಸನ್ನು ನೀಲಿ ಮಾಡುತ್ತದೆ ಎಂದು ವಿವರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಕನ್ನಡದ ಮೇಷ್ಟ್ರು ಕ್ಷಾರದ ತದ್ಭವ ಖಾರ ಎಂದು ಬರೆಸಿದ್ದಾರೆ. ನಮ್ಮ ಹೊಲದ ಮೆಣಸಿನಕಾಯಿ ಕಹಿಯೂ ಅಲ್ಲ, ಜಾರುವುದೂ ಇಲ್ಲ. ಹಾಗಾದರೆ ಅದು ಖಾರ ಹೇಗಾಯಿತು?" ಎಂದು ಕೇಳಿದಳು.

ಬ್ಯಾಡಗಿ ಮೆಣಸಿನಕಾಯಿಯ ಸೀಮೆಯಲ್ಲಿ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮೆಣಸಿನಕಾಯಿಯ ರಸ ಕೆಂಪು ಲಿಟ್ಮಸ್ಸನ್ನು ನೀಲಿ ಮಾಡುವುದಿಲ್ಲ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದಕ್ಕೂ ಕ್ಷಾರಕ್ಕೂ ನಂಟಿಲ್ಲ. ಗೊಂದಲ ಅಲ್ಲಿಗೇ ನಿಲ್ಲಲಿಲ್ಲ. ಮರಾಠಿ ಮನೆಮಾತಿನ ನನ್ನ ಸಹೋದ್ಯೋಗಿ ಉಪ್ಪು ಹೆಚ್ಚಾದ ಅಡುಗೆಯನ್ನು "ಖಾರಟ" ಎನ್ನುತ್ತಾರೆ. ನಮ್ಮ ಖಾರಕ್ಕೆ ಅವರ ಮಾತು "ತಿಖಟ". ಹಿಂದಿಯಲ್ಲಿ "ಖಾರಾ ಪಾನಿ" ಎಂದರೆ ಉಪ್ಪುನೀರು. ಒಂದೇ ಶಬ್ದ ಒಂದು ಕಡೆ ಸಾಬೂನು, ಒಂದು ಕಡೆ ಉಪ್ಪು, ನಮ್ಮಲ್ಲಿ ಮೆಣಸಿನಕಾಯಿ. ಮೂಲದಲ್ಲಿ ಇದ್ದ ಅರ್ಥ ಯಾವುದು?

ಇನ್ನೊಂದು ಪ್ರಶ್ನೆಯೂ ಇದೆ. ಸಂಸ್ಕೃತ ಬಲ್ಲ ಹಿರಿಯರೊಬ್ಬರು ಕ್ಷಾರ ಶಬ್ದ "ಕ್ಷರ್", ಅಂದರೆ ಜಿನುಗು, ಹರಿ ಎಂಬ ಧಾತುವಿನಿಂದ ಬಂದಿದೆ ಎಂದರು. ಹರಿಯುವುದಕ್ಕೂ ಉರಿಯುವುದಕ್ಕೂ ಏನು ಸಂಬಂಧ? ಬಲ್ಲವರು ವಿವರವಾಗಿಯೇ ಹೇಳಿ. ನನಗೆ ಅವಸರವಿಲ್ಲ.

ಹಳೆಯ ಪುಟ ಬರೆದದ್ದು:

ಮೇಡಂ, ಆ ಹುಡುಗಿಗೆ ನನ್ನ ಮೆಚ್ಚುಗೆ ತಿಳಿಸಿ. ಬಹಳ ಕಾಲ ಕಾಲೇಜಿನಲ್ಲಿ ಕನ್ನಡ ಬೋಧಿಸಿದವನು ನಾನು. ತದ್ಭವಗಳ ಪಟ್ಟಿಯನ್ನು ಬಾಯಿಪಾಠ ಒಪ್ಪಿಸುವ ವಿದ್ಯಾರ್ಥಿಗಳು ಎಲ್ಲೆಡೆ ಸಿಗುತ್ತಾರೆ, ಆ ಪಟ್ಟಿಯ ಎರಡು ಶಬ್ದಗಳನ್ನು ಎದುರುಬದುರು ನಿಲ್ಲಿಸಿ ಅರ್ಥ ಹೊಂದುವುದಿಲ್ಲವಲ್ಲ ಎನ್ನುವವರು ಅಪರೂಪ.

ಮೊದಲು ಮೂಲಾರ್ಥ. ಸಂಸ್ಕೃತದಲ್ಲಿ ಕ್ಷಾರ ಎಂದರೆ ಸುಡುವಂಥದು, ಕೊರೆಯುವಂಥದು, ಕಚ್ಚುವಂಥದು. ಆ ಅರ್ಥ ರುಚಿಯದಲ್ಲ, ಸ್ಪರ್ಶದ್ದು. ಮೈಮೇಲೆ ಬಿದ್ದರೆ ಚರ್ಮವನ್ನು ತಿನ್ನುವ ವಸ್ತುವಿನ ಗುಣ ಅದು. ಗಿಡ ಸುಟ್ಟು ಬೂದಿ ಮಾಡಿ, ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ಇಳಿದ ನೀರನ್ನು ಕಾಯಿಸಿದಾಗ ಉಳಿಯುವ ಪದಾರ್ಥಕ್ಕೆ ಆ ಹೆಸರು ಅಂಟಿಕೊಂಡಿತು. ಪಾಲಿಯಲ್ಲಿ ಇದು "ಖಾರ". ಬೂದಿಗೆ ಅಲ್ಲಿ "ಛಾರಿಕಾ" ಎನ್ನುತ್ತಾರೆ. ಸಂಸ್ಕೃತದ ಕ್ಷಕಾರ ಪ್ರಾಕೃತಗಳಲ್ಲಿ ಒಮ್ಮೆ ಖಕಾರವಾಗುತ್ತದೆ, ಒಮ್ಮೆ ಛಕಾರವಾಗುತ್ತದೆ. ಹಾಗಾಗಿ ಒಂದೇ ತಾಯಿಯ ಎರಡು ಮಕ್ಕಳಲ್ಲಿ ಒಂದು ಬೂದಿಯ ಸತ್ವವಾಯಿತು, ಇನ್ನೊಂದು ಬೂದಿಯೇ ಆಯಿತು. ಹಿಂದಿಯಲ್ಲಿ ಇಂದಿಗೂ "ಛಾರ್" ಎಂದರೆ ಬೂದಿ. ಕನ್ನಡದಲ್ಲಿ ಅಕ್ಷರ ಅಕ್ಕರವಾಯಿತು, ಪಕ್ಷ ಪಕ್ಕವಾಯಿತು, ಯಕ್ಷ ಜಕ್ಕನಾದ, ಕ್ಷಣ ಮಾತ್ರ ಚಣವಾಯಿತು. ನಮ್ಮಲ್ಲೂ ಎರಡೂ ದಾರಿಗಳಿವೆ ಎನ್ನುವುದಕ್ಕೆ ಇವೇ ಸಾಕು.

ಉಪ್ಪಿನ ವಿಷಯ. ನೆಲದ ಮೇಲೆ ಬಿಳಿಯಾಗಿ ಹೂತು ಬರುವ ಚೌಳನ್ನು ನೀವು ನೋಡಿರುತ್ತೀರಿ. ಅದರಲ್ಲಿ ಉಪ್ಪೂ ಇರುತ್ತದೆ, ಕ್ಷಾರವೂ ಇರುತ್ತದೆ. ನಾಲಿಗೆಗೆ ಎರಡೂ ಬೆರೆತೇ ಸಿಗುತ್ತವೆ. ಬಾವಿಯ ನೀರು ಕುಡಿಯಲಾಗದಷ್ಟು ಕಟುವಾದಾಗ ಉತ್ತರದವರು ಅದನ್ನು "ಖಾರಾ" ಎಂದರು. ಅಲ್ಲಿಂದ ಉಪ್ಪಿನ ಅರ್ಥಕ್ಕೆ ಒಂದೇ ಹೆಜ್ಜೆ. ಬೇಕರಿಯ ಖಾರಾ ಬಿಸ್ಕತ್ತನ್ನು ತಿಂದು ನೋಡಿ, ಎಷ್ಟೋ ಕಡೆ ಅದರಲ್ಲಿ ಮೆಣಸಿನ ಸುಳಿವೇ ಇರುವುದಿಲ್ಲ, ಉಪ್ಪು ಮಾತ್ರ ಇರುತ್ತದೆ. ಆ ಅರ್ಥವೂ ನಮ್ಮ ಪೇಟೆಗಳಿಗೆ ಬಂದು ಕುಳಿತಿದೆ.

ಈಗ ನಮ್ಮ ಖಾರ. ಮೆಣಸಿನಕಾಯಿ ಈ ನೆಲದ ಬೆಳೆಯಲ್ಲ. ಅದು ಅಮೆರಿಕ ಖಂಡದ್ದು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. ಅವರ ಹಡಗುಗಳ ಬೆನ್ನಿಗೇ ಮೆಣಸಿನಕಾಯಿ ಬಂದಿತು. ಅದಕ್ಕೂ ಮೊದಲು ನಮ್ಮವರ ಬಾಯಿ ಉರಿಸುತ್ತಿದ್ದದ್ದು ಕಾಳುಮೆಣಸು, ಹಿಪ್ಪಲಿ, ಶುಂಠಿ. ಹೊಸ ಕಾಯಿಗೆ ಹೊಸ ಹೆಸರು ಹುಡುಕುವ ಬದಲು ಮೆಣಸಿನ ಹೆಸರಿಗೆ "ಕಾಯಿ" ಜೋಡಿಸಿದರು. ಅದು ಕೊಡುವ ಉರಿಗೆ, ಮೈ ಸುಡುವ ವಸ್ತುವಿಗೆ ಮೊದಲೇ ಇದ್ದ "ಖಾರ" ಸಿದ್ಧವಾಗಿತ್ತು. ಹಾಗಾಗಿ ಮೆಣಸಿನಕಾಯಿ ಖಾರವಾದದ್ದು ಅದರಲ್ಲಿ ಕ್ಷಾರ ಇದೆಯೆಂದಲ್ಲ, ಕ್ಷಾರ ಮಾಡುವ ಕೆಲಸವನ್ನು ಅದೂ ಮಾಡುತ್ತದೆಂದು. ಎಲೆ ಅಡಿಕೆ ಹಾಕಿಕೊಳ್ಳುವಾಗ ಸುಣ್ಣ ಹೆಚ್ಚಾದರೆ "ನಾಲಿಗೆ ಸುಟ್ಟಿತು" ಎನ್ನುತ್ತೇವೆ, ಹಸಿಮೆಣಸಿನಕಾಯಿ ಕಚ್ಚಿದಾಗಲೂ ಹಾಗೇ ಎನ್ನುತ್ತೇವೆ. ಸುಣ್ಣ ನಿಮ್ಮ ಪಾಠದ ಅಸಲಿ ಪ್ರತ್ಯಾಮ್ಲ. ನಾಲಿಗೆ ಲಿಟ್ಮಸ್ ಕಾಗದವಲ್ಲ. ಅದು ಸುಡುವುದನ್ನು ಗುರುತಿಸುತ್ತದೆ, ಕಾರಣವನ್ನು ಕೇಳುವುದಿಲ್ಲ.

ಕೊನೆಯ ಪ್ರಶ್ನೆ, ಹರಿಯುವುದೋ ಉರಿಯುವುದೋ. ನಿಮ್ಮ ಹಿರಿಯರು ಹೇಳಿದ್ದು ನಮ್ಮ ಸಂಪ್ರದಾಯದ ವ್ಯುತ್ಪತ್ತಿ. ಸುಶ್ರುತಸಂಹಿತೆಯಲ್ಲಿಯೇ ಅದು ಇದೆ: ಕ್ಷರಣ ಮಾಡುವುದರಿಂದ, ಅಥವಾ ಕ್ಷಣನ ಮಾಡುವುದರಿಂದ ಕ್ಷಾರ. ಕ್ಷರಣ ಎಂದರೆ ಕರಗಿಸಿ ಹರಿಸುವುದು, ಕ್ಷಣನ ಎಂದರೆ ಘಾಸಿ ಮಾಡುವುದು. "ಅಥವಾ" ಎಂದು ಎರಡು ಕೊಟ್ಟಿರುವುದನ್ನು ಗಮನಿಸಿ. ಅಷ್ಟು ಹಿಂದೆಯೇ ಒಂದೇ ಧಾತುವಿನಿಂದ ಅವರಿಗೆ ತೃಪ್ತಿಯಾಗಿರಲಿಲ್ಲ. ಇತ್ತೀಚಿನ ಭಾಷಾವಿಜ್ಞಾನಿಗಳು ಬೇರೆ ಧಾತುವನ್ನು ತೋರಿಸುತ್ತಾರೆ. ಅದು "ಕ್ಷೈ" ಅಥವಾ "ಕ್ಷಾ", ಅರ್ಥ ಉರಿ, ಸೀದುಹೋಗು. ನನ್ನ ಒಲವು ಇದಕ್ಕೇ. ಏಕೆಂದರೆ ಇದೇ ಧಾತುವಿನ ಮತ್ತೊಂದು ಶಬ್ದ ನಮ್ಮ ದಿನಬಳಕೆಯಲ್ಲಿದೆ, ಅದೇ ಕ್ಷಾಮ. ಅದರ ಮೊದಲ ಅರ್ಥ ಬರಗಾಲವಲ್ಲ. ಸುಟ್ಟದ್ದು, ಒಣಗಿದ್ದು, ಬಡಕಲಾದದ್ದು ಎಂದು. ಸಂಸ್ಕೃತ ಕಾವ್ಯಗಳಲ್ಲಿ ನಾಯಕಿಯ ಸಣ್ಣ ನಡುವನ್ನು ಇದೇ ಕ್ಷಾಮ ಶಬ್ದದಿಂದ ಹೊಗಳುತ್ತಾರೆ. ಒಣಗಿದ ಹೊಲಕ್ಕೆ ಅದು ಬಂದದ್ದು ಎಷ್ಟು ಸಹಜ! ನಮ್ಮ ಖಾರವೂ ಕ್ಷಾಮವೂ ಒಂದೇ ಬೆಂಕಿಯಿಂದ ಹೊರಟವು ಎಂದು ತಿಳಿದ ದಿನ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿ ಕುಳಿತಿದ್ದೆ.

ಗ್ರೀಕಿನಲ್ಲಿ "ಕ್ಸೇರೋಸ್" ಎಂದರೆ ಒಣಗಿದ್ದು. ಅದನ್ನೂ ಕ್ಷಾರದ ಬಂಧುವೆಂದು ಹೋಲಿಸುತ್ತಾರೆ. ಆ ಗ್ರೀಕ್ ಶಬ್ದದಿಂದ ಗಾಯ ಒಣಗಿಸುವ ಪುಡಿಯ ಹೆಸರು ಹುಟ್ಟಿತು, ಅರಬ್ಬರ ಬಾಯಲ್ಲಿ ಅದು "ಅಲ್ ಇಕ್ಸೀರ್" ಆಯಿತು, ಯುರೋಪಿಗೆ ಹೋಗಿ "ಎಲಿಕ್ಸಿರ್" ಎಂಬ ಸಂಜೀವಿನಿಯಾಯಿತು. ನಮ್ಮ ಕಡೆ ಅದರ ನೆಂಟ ಮೆಣಸಿನಪುಡಿಯ ಡಬ್ಬಿಯಲ್ಲಿದ್ದಾನೆ.

ಗಡಿನಾಡಿಗ ಬರೆದದ್ದು:

ಹಳೆಯ ಪುಟ ಅವರೇ, ನಿಮ್ಮ ವಿವರಣೆಯನ್ನು ಗೌರವದಿಂದಲೇ ಓದಿದೆ. ಆದರೆ ಎಲ್ಲವನ್ನೂ ಸಂಸ್ಕೃತಕ್ಕೆ ಒಪ್ಪಿಸಿಬಿಡುವುದು ಸರಿಯೇ? ನಾನು ಚಾಮರಾಜನಗರ ಜಿಲ್ಲೆಯ ಗಡಿಯವನು, ತಾಯಿಯ ಮನೆಮಾತು ತಮಿಳು. ತಮಿಳಿನಲ್ಲಿ "ಕಾರ್" ಎಂಬ ಕ್ರಿಯಾಪದವೇ ಇದೆ. ಖಾರವಾಗು, ನಾಲಿಗೆ ಕೊರೆ ಎಂಬುದು ಅದರ ಅರ್ಥ. ಉಪ್ಪುಪ್ಪಾಗು ಎಂದೂ ಆಗುತ್ತದೆ. ಅದರಿಂದ "ಕಾರ್ಪ್ಪು". ಆರು ರುಚಿಗಳನ್ನು ಹೇಳುವಾಗ ಇನಿಪ್ಪು, ಪುಳಿಪ್ಪು, ಕೈಪ್ಪು, ತುವರ್ಪ್ಪು, ಉವರ್ಪ್ಪುಗಳ ಸಾಲಿನಲ್ಲಿಯೇ ಕಾರ್ಪ್ಪು ಬರುತ್ತದೆ. ಇದು ಸಂಸ್ಕೃತದ ಎರವಲಿನಂತೆ ಕಾಣುತ್ತದೆಯೇ?

ಅಲ್ಲದೆ ನಮ್ಮ ಹಳ್ಳಿಯಲ್ಲಿ ಯಾರೂ ಮಹಾಪ್ರಾಣ ಹಚ್ಚಿ "ಖಾರ" ಎನ್ನುವುದಿಲ್ಲ. "ಕಾರ" ಎನ್ನುತ್ತಾರೆ. ಅದೇ ಮೂಲ ರೂಪ, ಪಂಡಿತರು ಅದಕ್ಕೆ ಆಮೇಲೆ ಮಹಾಪ್ರಾಣ ಸೇರಿಸಿದರು ಎಂದು ನಾನು ನಂಬುತ್ತೇನೆ.

ಉತ್ತರಾಣಿ ಬರೆದದ್ದು:

ಶಬ್ದದ ಮೂಲವನ್ನು ನೀವಿಬ್ಬರೂ ತೀರ್ಮಾನಿಸಿ. ನಾನು ಆಯುರ್ವೇದ ವೈದ್ಯೆ, ಕ್ಷಾರವನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುವವಳು. ಮೇಡಂ ಅವರ ತರಗತಿಗೆ ಉಪಯೋಗವಾಗಬಹುದಾದ ಎರಡು ಸಂಗತಿಗಳನ್ನು ಹೇಳುತ್ತೇನೆ.

ಸುಶ್ರುತರ ಪ್ರಕಾರ ಶಸ್ತ್ರಗಳಿಗಿಂತಲೂ, ಶಸ್ತ್ರದ ಬದಲಿಗೆ ಬಳಸುವ ಅನುಶಸ್ತ್ರಗಳಿಗಿಂತಲೂ ಕ್ಷಾರವೇ ಮುಖ್ಯ, ಏಕೆಂದರೆ ಕತ್ತರಿಸುವ, ಸೀಳುವ, ಕೆರೆಯುವ ಕೆಲಸವನ್ನು ಅದೊಂದೇ ಮಾಡುತ್ತದೆ. ಅದರಲ್ಲಿ ಮೃದು, ಮಧ್ಯ, ತೀಕ್ಷ್ಣ ಎಂದು ಮೂರು ಬಗೆ. ಬೂದಿಯ ನೀರನ್ನು ಕಾಯಿಸುವಾಗ ಸುಟ್ಟ ಶಂಖ, ಚಿಪ್ಪುಗಳನ್ನು ಸೇರಿಸುವ ಕ್ರಮವನ್ನೂ ಅವರು ಹೇಳುತ್ತಾರೆ. ಅಂದರೆ ಬೂದಿಯ ಪೊಟ್ಯಾಸಿಯಂ ಕಾರ್ಬೊನೇಟಿಗೆ ಸುಣ್ಣ ಸೇರಿಸಿ ಅದನ್ನು ಇನ್ನಷ್ಟು ಉಗ್ರವಾದ ಹೈಡ್ರಾಕ್ಸೈಡ್ ಮಾಡುವುದು. ಸಮೀಕರಣವನ್ನು ಮಕ್ಕಳೇ ಬರೆಯಬಲ್ಲರು.

ಎರಡನೆಯದು ಇನ್ನೂ ಚೆನ್ನಾಗಿದೆ. ಕ್ಷಾರದಿಂದ ಸುಟ್ಟ ಜಾಗದ ಉರಿಯನ್ನು ಹುಳಿಯಾದ ದ್ರವಗಳಿಂದ ಶಮನ ಮಾಡಬೇಕೆಂದು ಅದೇ ಅಧ್ಯಾಯ ಹೇಳುತ್ತದೆ. ಹುಳಿಯೂ ತೀಕ್ಷ್ಣವೇ ತಾನೇ, ಅದು ಕ್ಷಾರವನ್ನು ಹೇಗೆ ತಣಿಸುತ್ತದೆ ಎಂಬ ಪ್ರಶ್ನೆಯನ್ನೂ ಎತ್ತಿ, ಅವೆರಡೂ ಕೂಡಿದಾಗ ತೀಕ್ಷ್ಣತೆ ಹೋಗಿ ಸೌಮ್ಯವಾಗುತ್ತದೆ ಎಂದು ಉತ್ತರಿಸುತ್ತದೆ. ನಿಮ್ಮ ಪಾಠದ ತಟಸ್ಥೀಕರಣ ಕ್ರಿಯೆ ಇದೇ. (ಮಕ್ಕಳಿಗೆ ಒಂದು ಮಾತು ತಪ್ಪದೆ ಹೇಳಿ: ಪ್ರಯೋಗಾಲಯದಲ್ಲಿ ಮೈಮೇಲೆ ಕ್ಷಾರ ಬಿದ್ದರೆ ಹುಳಿ ಸುರಿಯಬಾರದು. ತಕ್ಷಣ ಬಹಳ ಹೊತ್ತು ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಬೇಕು.)

ನನ್ನ ಹೆಸರಿನ ಗಿಡದ ಬೂದಿಯ ಕ್ಷಾರವನ್ನು ಕಳ್ಳಿಯ ಹಾಲು, ಅರಿಶಿನಗಳ ಜೊತೆ ದಾರಕ್ಕೆ ಲೇಪಿಸಿ ಭಗಂದರಕ್ಕೆ, ಅಂದರೆ ಗುದದ ಬಳಿ ಆಗುವ ನಾಳದಂಥ ಹುಣ್ಣಿಗೆ, ಕಟ್ಟುವ ಕ್ಷಾರಸೂತ್ರ ಚಿಕಿತ್ಸೆ ಇಂದಿಗೂ ಇದೆ. ಆ ದಾರ ದಿನದಿನಕ್ಕೆ ಮಾಂಸವನ್ನು ಕೊರೆಯುತ್ತಾ, ಹಿಂದೆಯೇ ಮಾಯಿಸುತ್ತಾ ಸಾಗುತ್ತದೆ. "ಕಚ್ಚುವಂಥದು" ಎಂದು ಹಳೆಯ ಪುಟ ಅವರು ಬರೆದದ್ದನ್ನು ಓದಿದಾಗ ನನಗೆ ನೆನಪಾದದ್ದು ಅದು.

ಹಳೆಯ ಪುಟ ಬರೆದದ್ದು:

ಗಡಿನಾಡಿಗ ಅವರೇ, ನಿಮ್ಮ ಪ್ರಶ್ನೆಗೆ ತೂಕವಿದೆ. ತಮಿಳಿನ "ಕಾರ್" ಎರವಲು ಎಂದು ನಾನೂ ಹೇಳುವುದಿಲ್ಲ. ಅದಕ್ಕೆ ಕ್ರಿಯಾಪದವಿದೆ, ಅದರಿಂದ ಹುಟ್ಟಿದ ನಾಮಪದವಿದೆ, ಅದು ಬೇರುಬಿಟ್ಟ ಗಿಡ. ನಾನು ಕೇಳುವುದು ಕನ್ನಡದಲ್ಲಿ ಆ ಬೇರು ಎಲ್ಲಿ ಎಂದು. ನಮ್ಮಲ್ಲಿ "ಕಾರು" ಎಂದರೆ ವಾಂತಿ ಮಾಡು, ಹೊರಗೆ ಉಗುಳು. ಖಾರಕ್ಕೆ ನಾವು "ಆಗು" ಹಚ್ಚಿ ಖಾರವಾಯಿತು ಎನ್ನಬೇಕು.

ನಮ್ಮ ರುಚಿಯ ಶಬ್ದಗಳನ್ನು ಸಾಲಾಗಿ ನೋಡಿ: ಸಿಹಿ, ಹುಳಿ, ಉಪ್ಪು, ಕಹಿ, ಒಗರು. ಐದೂ ಅಚ್ಚಗನ್ನಡ. ಆರನೆಯದು ಮಾತ್ರ ಖಾರ. ಮಲಯಾಳಿಗಳು ಇಲ್ಲಿಯೂ ತಮ್ಮದೇ ಶಬ್ದ ಉಳಿಸಿಕೊಂಡಿದ್ದಾರೆ. ಅವರದು "ಎರಿವು", "ಎರಿ" ಎಂದರೆ ಉರಿ ಎಂದೇ ಅರ್ಥ. ನಾವೂ "ಉರಿ" ಎಂದೇ ಇಟ್ಟುಕೊಳ್ಳಬಹುದಿತ್ತು. ಆದರೆ ಕನ್ನಡದ ಉರಿಗೆ ಒಲೆಯ ಉರಿ, ಕಣ್ಣುರಿ, ಹೊಟ್ಟೆಯುರಿ ಎಂದು ಮೊದಲೇ ಕೈತುಂಬ ಕೆಲಸವಿತ್ತು. ರುಚಿಯ ಉರಿಗೆ ಪ್ರತ್ಯೇಕ ಶಬ್ದ ಸಿಕ್ಕಿದಾಗ ಬಿಡಲಿಲ್ಲವೆಂದು ನನಗೆ ತೋರುತ್ತದೆ.

ಇನ್ನು ಮಹಾಪ್ರಾಣ. ಹಳ್ಳಿಯವರು "ಕಾರ" ಎನ್ನುವುದರಿಂದ ಅದೇ ಮೂಲ ಎಂದಾಗುವುದಿಲ್ಲ. ಅವರು ಖರ್ಚನ್ನು "ಕರ್ಚು" ಎನ್ನುತ್ತಾರೆ, ಅದು ಬಂದದ್ದು ಪಾರಸಿಯಿಂದ. ಆದರೆ ನಿಮ್ಮ ಊರಿನಂಥ ಕಡೆಗಳಲ್ಲಿ ತಮಿಳಿನ ಕಾರ್, ಪ್ರಾಕೃತದ ಖಾರ ಎರಡೂ ಎದುರಾಗಿ, ಒಂದರ ಅರ್ಥ ಇನ್ನೊಂದಕ್ಕೆ ಬಲ ಕೊಟ್ಟಿರಬಹುದು ಎಂಬ ಮಾತನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಎರಡು ತೊರೆಗಳು ಕೂಡಿದ ಮೇಲೆ ಯಾವ ನೀರು ಯಾವುದು ಎಂದು ವಿಂಗಡಿಸಲಾಗದು.

ಕಚ್ಚುವ ಕಡೆಗೂ ಒಂದು ಮಾತು. ನಮ್ಮ "ಕಚ್ಚು" ಹಳಗನ್ನಡದಲ್ಲಿ "ಕರ್ಚು". ತೆಲುಗಿನ "ಕರಚು" ಅದರ ಸೋದರ, ತಮಿಳಿನ "ಕಱಿ" ಅದೇ ಮನೆತನದ್ದು. ತಮಿಳಿನಲ್ಲಿ ಕಱಿ ಎಂದರೆ ಕಚ್ಚಿ ಅಗಿ ಎಂದೂ ಆಗುತ್ತದೆ, ಕಾಳುಮೆಣಸು ಎಂದೂ ಆಗುತ್ತದೆ. ದ್ರಾವಿಡ ಶಬ್ದಕೋಶ ಸಿದ್ಧಪಡಿಸಿದ ಬರೋ ಮತ್ತು ಎಮೆನೊ ಇವನ್ನೆಲ್ಲ ಒಂದೇ ಕಡೆ ಇಟ್ಟಿದ್ದಾರೆ. ಸಂಸ್ಕೃತದ ದಾರಿಯಲ್ಲಿ ಹೋದರೂ ದ್ರಾವಿಡದ ದಾರಿಯಲ್ಲಿ ಹೋದರೂ ಸುಡುವುದು, ಕಚ್ಚುವುದು ಎರಡೂ ನಾಲಿಗೆಯ ಮೇಲೆಯೇ ಬಂದು ಸೇರುತ್ತವೆ.

ಪಡುವಣ ಗಾಳಿ ಬರೆದದ್ದು:

ಮೆಣಸಿನ ಹೆಸರು ಮೆಣಸಿನಕಾಯಿಗೆ ಹೋದ ಮೇಲೆ ನಮ್ಮ ಕರಾವಳಿಯಲ್ಲಿ ಮೂಲದ ಮೆಣಸಿಗೆ ಗುರುತು ಹಚ್ಚಬೇಕಾಯಿತು. ಅದಕ್ಕೆ "ಒಳ್ಳೆಮೆಣಸು" ಎನ್ನುತ್ತೇವೆ, ತುಳುವಿನಲ್ಲಿ "ಎಡ್ಡೆ ಮುಂಚಿ". ಹೊಸದಾಗಿ ಬಂದದ್ದು ಬರೀ ಮೆಣಸು, ಹಳೆಯದು ಒಳ್ಳೆಯದು! ನಮ್ಮ ಅಜ್ಜಿ ಕಷಾಯಕ್ಕೆ ಒಳ್ಳೆಮೆಣಸನ್ನಲ್ಲದೆ ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ.

ಒಂದು ಸಂದೇಹ. ಸುಣ್ಣ ನಾಲಿಗೆಯನ್ನು ನಿಜವಾಗಿ ಸುಡುತ್ತದೆ, ಬೊಕ್ಕೆ ಏಳುತ್ತದೆ. ಮೆಣಸಿನಕಾಯಿಯಿಂದ ಹಾಗೆ ಆಗುವುದಿಲ್ಲ. ಆದ್ದರಿಂದ ಮೆಣಸಿನಕಾಯಿಯ "ಉರಿ" ಬರೀ ಮಾತಿನ ಅಲಂಕಾರವೇ?

ವಿಜ್ಞಾನ ಶಿಕ್ಷಕಿ ಬರೆದದ್ದು:

ಎಲ್ಲರಿಗೂ ಕೈಮುಗಿದು ವಂದನೆ. ಈ ಕೊನೆಯ ಪ್ರಶ್ನೆಗೆ ನಾನೇ ಉತ್ತರಿಸಬಲ್ಲೆ, ಏಕೆಂದರೆ ಇದು ನನ್ನ ಕ್ಷೇತ್ರ.

ಅಲಂಕಾರವಲ್ಲ. ನಮ್ಮ ನರಗಳ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಪ್ರೋಟೀನ್ ಇದೆ, ಹೆಸರು ಟಿಆರ್‌ಪಿವಿ1. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದರೆ ಅದು ತೆರೆದುಕೊಂಡು ಮಿದುಳಿಗೆ "ಸುಡುತ್ತಿದೆ" ಎಂಬ ಸುದ್ದಿ ಕಳಿಸುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅದೇ ಪ್ರೋಟೀನಿಗೆ ಅಂಟಿಕೊಂಡು ಅದನ್ನು ತೆರೆಯುತ್ತದೆ. ಮಿದುಳಿಗೆ ತಲುಪುವ ಸುದ್ದಿಯಲ್ಲಿ ವ್ಯತ್ಯಾಸವೇ ಇಲ್ಲ. 1997ರಲ್ಲಿ ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ಆರ್ಡೆಮ್ ಪಟಪೂಟಿಯನ್ ಅವರ ಜೊತೆ ನೊಬೆಲ್ ಪ್ರಶಸ್ತಿ ಬಂದಿತು. ನಿಮ್ಮ ಅಜ್ಜಿಯ ಒಳ್ಳೆಮೆಣಸಿನಲ್ಲಿರುವ ಪೈಪರೀನ್ ಕೂಡ ಇದೇ ಪ್ರೋಟೀನನ್ನು ತಟ್ಟುತ್ತದೆ, ಆದ್ದರಿಂದ ಮೆಣಸಿನ ಹೆಸರು ಮೆಣಸಿನಕಾಯಿಗೆ ಹೋದದ್ದಕ್ಕೂ ಒಳಗೊಂದು ನ್ಯಾಯವಿದೆ.

ಈ ಲೆಕ್ಕದಲ್ಲಿ ಖಾರ ರುಚಿಯೇ ಅಲ್ಲ, ನೋವಿನ ಒಂದು ಬಗೆ. ಸಿಹಿ, ಹುಳಿಗಳಂತೆ ಅದು ನಾಲಿಗೆಯ ರುಚಿಮೊಗ್ಗುಗಳಿಗೆ ಸೇರಿದ್ದಲ್ಲ. ಮೆಣಸಿನಕಾಯಿ ಹೆಚ್ಚಿದ ಕೈ ಕಣ್ಣಿಗೆ ತಾಗಿದರೂ ಉರಿಯುವುದು ಅದಕ್ಕೇ. ಉತ್ತರಾಣಿ ಮೇಡಂ, ಚರಕಸಂಹಿತೆಯಲ್ಲಿ ಕ್ಷಾರವನ್ನು ರುಚಿಗಳ ಪಟ್ಟಿಯಿಂದ ಕೈಬಿಟ್ಟಿದ್ದಾರೆಂದು ಎಲ್ಲಿಯೋ ಓದಿದ ನೆನಪು. ಅವರು ಹೇಳಿದ್ದೂ ಇದೇ ಸಂಗತಿಯೇ?

ಉತ್ತರಾಣಿ ಬರೆದದ್ದು:

ಕೈಬಿಟ್ಟದ್ದು ನಿಜ, ಕಾರಣ ಬೇರೆ. ರುಚಿಗಳು ಎಷ್ಟು ಎಂಬ ಬಗ್ಗೆ ಋಷಿಗಳ ಚರ್ಚೆಯೊಂದು ಚರಕದ ಸೂತ್ರಸ್ಥಾನದಲ್ಲಿ ಬರುತ್ತದೆ. ವಿದೇಹದ ನಿಮಿ ರುಚಿಗಳು ಏಳು ಎನ್ನುತ್ತಾನೆ, ಅವನ ಏಳನೆಯ ರುಚಿ ಕ್ಷಾರ. ಆ ಗ್ರಂಥದಲ್ಲಿ ಉಪದೇಶ ಮಾಡುವ ಗುರು ಆತ್ರೇಯರು ಒಪ್ಪುವುದಿಲ್ಲ. ಕ್ಷಾರ ಎಂಬುದು ರುಚಿಯಲ್ಲ, ಹಲವು ರುಚಿಗಳಿರುವ ಒಂದು ದ್ರವ್ಯ, ಅದನ್ನು ತಯಾರಿಸಬೇಕಾಗುತ್ತದೆ, ನಾಲಿಗೆಗಲ್ಲದೆ ಚರ್ಮಕ್ಕೂ ಅದು ತಿಳಿಯುತ್ತದೆ ಎಂಬ ಧಾಟಿಯಲ್ಲಿ ಅದನ್ನು ಬದಿಗಿಟ್ಟು ಆರಕ್ಕೇ ನಿಲ್ಲುತ್ತಾರೆ. ಆ ಆರರಲ್ಲಿ ನಮ್ಮ ಖಾರಕ್ಕೆ ಹೊಂದುವುದು "ಕಟು". ಶುಂಠಿ, ಮೆಣಸು, ಹಿಪ್ಪಲಿಗಳನ್ನು ಒಟ್ಟಾಗಿ ತ್ರಿಕಟು ಎನ್ನುವುದು ಇದರಿಂದಲೇ. ಆದ್ದರಿಂದ ಶಾಸ್ತ್ರದ ಕ್ಷಾರವನ್ನೂ ಅಡುಗೆಮನೆಯ ಖಾರವನ್ನೂ ಒಂದೆಂದು ಹಿಡಿದು ಚರಕವನ್ನು ಓದಬಾರದು.

ಕಟುವಿನ ಲಕ್ಷಣವನ್ನು ಅದೇ ಅಧ್ಯಾಯದಲ್ಲಿ ಕೊಟ್ಟಿದ್ದಾರೆ, ತರಗತಿಯಲ್ಲಿ ಓದಿ ಹೇಳಬಹುದು: ನಾಲಿಗೆಗೆ ಬಿದ್ದೊಡನೆ ಅದನ್ನು ಕದಡಿ ಚುಚ್ಚಿದಂತೆ ಮಾಡುವುದು, ಉರಿಸುತ್ತಾ ಬಾಯಿ, ಮೂಗು, ಕಣ್ಣುಗಳಿಂದ ನೀರು ಹರಿಸುವುದು ಯಾವುದೋ ಅದೇ ಕಟು.